ಐದನೇ ಹೋಲ್ಡ್: ಎರಿಸ್ಕೆ ದ್ವೀಪದ ಹಡಗು ಪ್ರಕರಣ

ಈ ಪ್ರಕರಣದಲ್ಲಿ ಹಡಗು ಒಡೆಯಿತು, ಆದರೆ ಒಬ್ಬರೂ ಸಾಯಲಿಲ್ಲ. ಬೆಳಿಗ್ಗೆ ಬಂಡೆಗೆ ಬಡಿದ ಹಡಗಿನವರೆಲ್ಲ ರಾತ್ರಿಯಾಗುವ ಹೊತ್ತಿಗೆ ದಡದಲ್ಲಿದ್ದರು. ಹಾಗಾದರೆ ಇದರಲ್ಲಿ ಕಲಿಯೋದಕ್ಕೆ ಏನಿದೆ ಅಂತ ಕೇಳಬಹುದು. ಅಪಘಾತ ಒಂದೇ ದಿನದಲ್ಲಿ ಮುಗಿಯಿತು. ಅದರ ಹಿಂದೆ ಬಂದ ರಗಳೆ ಹದಿನೆಂಟು ತಿಂಗಳು ನಡೆಯಿತು. ಕೋರ್ಟು, ಜೈಲು, ಕೊನೆಗೆ ಸಿಡಿಮದ್ದು. ನನ್ನ ಆಸಕ್ತಿ ಇರುವುದು ಆ ಹದಿನೆಂಟು ತಿಂಗಳ ಮೇಲೆ.

ಹಡಗು, ಜಾಗ, ತಾರೀಕು ಇವೆಲ್ಲ ದಾಖಲೆಯಲ್ಲಿವೆ. ಅವನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. ಮನುಷ್ಯರ ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ. ಕ್ಯಾಪ್ಟನ್, ರಕ್ಷಣಾ ತಂಡದ ಮುಖ್ಯಸ್ಥ, ಸುಂಕದ ಅಧಿಕಾರಿ ಅಂದರೆ ಸಾಕು. ಊರು ತೀರಾ ಚಿಕ್ಕದು. ಅಲ್ಲಿ ಅಜ್ಜನ ಹೆಸರು ಹೇಳಿದರೆ ಮೊಮ್ಮಗನನ್ನು ಬೆರಳು ಮಾಡಿ ತೋರಿಸಿದ ಹಾಗೆ.

ಹಿನ್ನೆಲೆ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದ ಅಂಚಿನಲ್ಲಿ ಹೆಬ್ರಿಡೀಸ್ ದ್ವೀಪಗಳ ಸಾಲಿದೆ. ಅದರಲ್ಲಿ ಎರಿಸ್ಕೆ ಒಂದು ಚುಕ್ಕೆ. ಸುಮಾರು ಏಳು ಚದರ ಕಿಲೋಮೀಟರ್, ಅಷ್ಟೇ. ಉತ್ತರಕ್ಕೆ ಸೌತ್ ಯೂಯಿಸ್ಟ್, ದಕ್ಷಿಣಕ್ಕೆ ಬ್ಯಾರಾ. ಎರಿಸ್ಕೆಗೂ ಸೌತ್ ಯೂಯಿಸ್ಟ್‌ಗೂ ನಡುವೆ ಆಳವಿಲ್ಲದ, ಬಂಡೆಗಳಿಂದ ತುಂಬಿದ ಒಂದು ಕಡಲ ಸಂದು. ಅದರ ಬಾಯಲ್ಲಿ ಕ್ಯಾಲ್ವೆ ಅನ್ನೋ ಪುಟ್ಟ ನಡುಗಡ್ಡೆ.

ಎರಿಸ್ಕೆ ಜನರ ಮಾತು ಗೇಲಿಕ್, ಧರ್ಮ ಕ್ಯಾಥೊಲಿಕ್. ಬದುಕು ಮೀನಿನ ಮೇಲೆ, ಜೊತೆಗೆ ಒಂದಿಷ್ಟು ಆಲೂಗಡ್ಡೆ, ಕುರಿ, ಹಸು. ಮರಗಳು ಇಲ್ಲವೇ ಇಲ್ಲ ಅನ್ನಬೇಕು. ಉರುವಲಿಗೆ ನೆಲದಿಂದ ಇಟ್ಟಿಗೆ ಹಾಗೆ ಕತ್ತರಿಸಿ ಒಣಗಿಸಿದ ಪೀಟ್. ಮರವೇ ಇಲ್ಲದ ಊರಿನಲ್ಲಿ ಮನೆಗೆ ತೊಲೆ ಎಲ್ಲಿಂದ ಬರಬೇಕು? ಕಡಲಿಂದ. ಒಡೆದ ಹಡಗಿನ ಹಲಗೆ, ತೇಲಿ ಬಂದ ದಿಮ್ಮಿ, ಇವು ತಲೆತಲಾಂತರದಿಂದ ಅಲ್ಲಿಯ ಸಂಸಾರದ ಲೆಕ್ಕದಲ್ಲೇ ಸೇರಿದ್ದವು. ಕಡಲು ತಂದದ್ದು ಕಂಡವನ ಪಾಲು. ಇದನ್ನು ಅಲ್ಲಿ ಯಾರೂ ಕಳ್ಳತನ ಅಂತ ಕರೆದವರಲ್ಲ.

ಇನ್ನೊಂದು ಸಂಗತಿ. ದ್ವೀಪದ ಗಂಡಸರಲ್ಲಿ ತುಂಬಾ ಜನ ಸರಕು ಹಡಗಿನಲ್ಲೋ ನೌಕಾಪಡೆಯಲ್ಲೋ ದುಡಿದವರು. ಹಡಗಿನ ಹೊಟ್ಟೆಯಲ್ಲಿ ಯಾವುದು ಎಲ್ಲಿರುತ್ತದೆ, ಎಲ್ಲಿಂದ ಇಳಿಯಬೇಕು, ಭಾರವನ್ನು ಹೇಗೆ ಎತ್ತಬೇಕು ಅನ್ನೋದನ್ನು ಇವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಹಡಗು. ಹೆಸರು ಪೊಲಿಟಿಷಿಯನ್, ಅಂದರೆ ರಾಜಕಾರಣಿ. 1923ರಲ್ಲಿ ಕಟ್ಟಿದ ಸುಮಾರು 8,000 ಟನ್ನಿನ ಸರಕು ಹಡಗು. ಮೊದಲು ಇದರ ಹೆಸರು ಲಂಡನ್ ಮರ್ಚೆಂಟ್. ಅಮೆರಿಕದಲ್ಲಿ ಪಾನನಿಷೇಧ ಇದ್ದ ಕಾಲದಲ್ಲಿ, 1924ರಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಬಂದರಿನಲ್ಲಿ ಅಧಿಕಾರಿಗಳು ಇದರೊಳಗಿದ್ದ ವಿಸ್ಕಿಯನ್ನು ಹಿಡಿದಿದ್ದರು. ಬ್ರಿಟಿಷ್ ರಾಯಭಾರ ಕಚೇರಿ ದೂರು ಕೊಟ್ಟ ಮೇಲೆ ಬಿಟ್ಟರು. ಅಂದರೆ ವಿಸ್ಕಿ, ಸರ್ಕಾರ, ಜಗಳ ಈ ಮೂರೂ ಈ ಹಡಗಿನ ಜಾತಕದಲ್ಲೇ ಇದ್ದವು ಅನ್ನಿ.

1941ರ ಫೆಬ್ರವರಿ 3ರಂದು ಅದು ಲಿವರ್‌ಪೂಲ್‌ನಿಂದ ಹೊರಟಿತು. ಮೊದಲು ಜಮೈಕಾದ ಕಿಂಗ್‌ಸ್ಟನ್, ಆಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್. ಒಳಗೆ ಹತ್ತಿ ಬಟ್ಟೆ, ಸೈಕಲ್, ಬಿಸ್ಕತ್ತು, ಔಷಧಿ, ಕಬ್ಬು ಕಡಿಯೋ ಮಚ್ಚು. ಎಂಟು ಪೆಟ್ಟಿಗೆಗಳಲ್ಲಿ ಜಮೈಕಾ ಸರ್ಕಾರದ ಹೊಸ ನೋಟುಗಳು. ಮತ್ತೆ ಐದನೇ ಹೋಲ್ಡ್‌ನಲ್ಲಿ, ಅಂದರೆ ಹಡಗಿನ ಹೊಟ್ಟೆಯಲ್ಲಿ ಸರಕು ತುಂಬುವ ಐದನೇ ಕೋಣೆಯಲ್ಲಿ, ಸುಮಾರು 22,000 ಪೆಟ್ಟಿಗೆ ಸ್ಕಾಚ್ ವಿಸ್ಕಿ. ಪೆಟ್ಟಿಗೆಗೆ ಹನ್ನೆರಡು ಬಾಟಲಿಯಂತೆ 2,64,000 ಬಾಟಲಿ.

ಎರಡನೇ ಮಹಾಯುದ್ಧ ನಡೆಯುತ್ತಿರುವಾಗ ಇಷ್ಟೊಂದು ವಿಸ್ಕಿ ಯಾಕೆ ಸಾಗಿಸುತ್ತಿದ್ದರು? ಡಾಲರ್‌ಗೆ. ಬ್ರಿಟನ್ ಆಗ ಅಮೆರಿಕದಿಂದ ಕೊಳ್ಳುವ ಯುದ್ಧ ಸಾಮಗ್ರಿಗೆ ನಗದು ಎಣಿಸಬೇಕಿತ್ತು. ಸಾಲವಾಗಿ ಕೊಡುವ ಲೆಂಡ್ ಲೀಸ್ ಕಾನೂನಿಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ್ದು ಮಾರ್ಚ್ 11ಕ್ಕೆ. ಅಲ್ಲಿವರೆಗೆ ಡಾಲರ್ ತರುವ ಪ್ರತಿ ಬಾಟಲಿಯೂ ಬೇಕಾಗಿತ್ತು. ಇದರ ಇನ್ನೊಂದು ಮುಖ ಅಂದರೆ, ವಿಸ್ಕಿಯ ನಾಡಿನಲ್ಲೇ ವಿಸ್ಕಿ ಸಿಗುತ್ತಿರಲಿಲ್ಲ. ಬಟ್ಟಿ ಇಳಿಸೋದನ್ನು ಕಡಿಮೆ ಮಾಡಿದ್ದರು, ಸುಂಕ ಏರಿಸಿದ್ದರು, ಇದ್ದದ್ದು ಹೊರದೇಶಕ್ಕೆ ಹೋಗುತ್ತಿತ್ತು. ವಿಸ್ಕಿ ಅನ್ನೋ ಹೆಸರೇ ಗೇಲಿಕ್ ಮಾತಿನಿಂದ ಬಂದದ್ದು, ಜೀವಜಲ ಅಂತ ಅದರ ಅರ್ಥ. ಮದುವೆಗೂ ಸಾವಿಗೂ ಅದು ಬೇಕಾದ ಊರುಗಳಲ್ಲಿ ತಿಂಗಳುಗಟ್ಟಲೆ ಒಂದು ತೊಟ್ಟು ಇರಲಿಲ್ಲ.

ಕತ್ತಲಲ್ಲಿ ತಪ್ಪಿದ ಲೆಕ್ಕ

1940ರಲ್ಲಿ ಫ್ರಾನ್ಸ್ ಜರ್ಮನಿಯ ಕೈಗೆ ಬಿದ್ದ ಮೇಲೆ ದಕ್ಷಿಣದ ಕಡಲ ದಾರಿ ಅಪಾಯವಾಗಿತ್ತು. ಹಡಗುಗಳು ಐರ್ಲೆಂಡಿನ ಉತ್ತರಕ್ಕೆ ಸುತ್ತು ಹಾಕಿ ಅಟ್ಲಾಂಟಿಕ್‌ಗೆ ಇಳಿಯುತ್ತಿದ್ದವು. ಹಾಗಾಗಿ ಜಮೈಕಾಕ್ಕೆ ಹೊರಟ ಹಡಗು ಸ್ಕಾಟ್ಲೆಂಡಿನ ದ್ವೀಪಗಳ ಹತ್ತಿರ ಬಂತು. ಫೆಬ್ರವರಿ 4ರ ರಾತ್ರಿ ಬಿರುಗಾಳಿ, ಮಳೆ. ಶತ್ರುವಿಗೆ ದಾರಿ ಕಾಣಬಾರದು ಅಂತ ದೀಪಸ್ತಂಭಗಳ ಬೆಳಕನ್ನು ಆರಿಸಿದ್ದರು, ಇಲ್ಲವೇ ಮಂಕು ಮಾಡಿದ್ದರು. ಶತ್ರುವಿಗೆ ಕಾಣದ್ದು ಸ್ವಂತ ಹಡಗಿಗೂ ಕಾಣಲಿಲ್ಲ.

ಕ್ಯಾಪ್ಟನ್ ಮಾಡಿದ್ದು ಆ ಕಾಲದ ಎಲ್ಲ ಕ್ಯಾಪ್ಟನ್‌ಗಳು ಮಾಡುತ್ತಿದ್ದ ಲೆಕ್ಕವೇ. ಇಷ್ಟು ವೇಗ, ಇಷ್ಟು ಹೊತ್ತು, ಈ ದಿಕ್ಕು, ಆದ್ದರಿಂದ ನಾವು ಇಲ್ಲಿದ್ದೇವೆ. ಗಾಳಿ ಮತ್ತು ನೀರಿನ ಸೆಳೆತ ಹಡಗನ್ನು ಪಕ್ಕಕ್ಕೆ ತಳ್ಳಿದ್ದನ್ನು ಈ ಲೆಕ್ಕ ಹಿಡಿಯೋದಿಲ್ಲ. 5ನೇ ತಾರೀಕು ಬೆಳಿಗ್ಗೆ ಏಳೂವರೆ ದಾಟಿದ ಮೇಲೆ ಎದುರಿಗೆ ನೆಲ ಕಂಡಿತು. ತಿರುಗಿಸುವಷ್ಟರಲ್ಲಿ ಹಡಗು ಕ್ಯಾಲ್ವೆ ಹತ್ತಿರದ ಬಂಡೆ ಮರಳಿನ ಮೇಲೆ ಏರಿ ಕೂತಿತು. ಎಂಜಿನ್ ಕೋಣೆಗೆ ನೀರು ನುಗ್ಗಿತು. ಐದನೇ ಹೋಲ್ಡ್‌ಗೂ ನುಗ್ಗಿತು. ಇಂಧನದ ಟ್ಯಾಂಕ್ ಒಡೆದು ದಪ್ಪ ಕಪ್ಪು ಎಣ್ಣೆ ಆ ನೀರಿಗೆ ಸೇರಿತು. ಈ ಎಣ್ಣೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಸಾಕ್ಷಿ ಹೇಳುವುದು ಇದೇ.

ರೇಡಿಯೋದಲ್ಲಿ ಅವರು ಕಳಿಸಿದ ಸುದ್ದಿ, ಬ್ಯಾರಾ ದ್ವೀಪದ ದಕ್ಷಿಣಕ್ಕೆ ದಡ ಹತ್ತಿದ್ದೇವೆ ಅಂತ. ನಿಜವಾಗಿ ಇದ್ದದ್ದು ಬ್ಯಾರಾದ ಉತ್ತರಕ್ಕೆ. ಬ್ಯಾರಾದ ಲೈಫ್‌ಬೋಟ್ ಆ ಗಾಳಿಯಲ್ಲಿ ಹೋಗಿ ಇಲ್ಲದ ಜಾಗದಲ್ಲಿ ಹುಡುಕಿತು. ಇದು ಈ ಪ್ರಕರಣದ ಮೊದಲ ತಿರುವು, ಮತ್ತು ನಾನು ಅದನ್ನು ಬೇಗ ದಾಟಿ ಹೋಗುತ್ತೇನೆ, ಯಾಕೆಂದರೆ ಅದರಿಂದ ಯಾರಿಗೂ ಪ್ರಾಣಹಾನಿ ಆಗಲಿಲ್ಲ. ಆದರೂ ಒಂದು ಮಾತು. ಲೆಕ್ಕ ತಪ್ಪಿದ್ದರಿಂದಲೇ ಬಂಡೆಗೆ ಬಡಿದವರು, ಅದೇ ಲೆಕ್ಕವನ್ನು ನಂಬಿ ವಿಳಾಸ ಕೊಟ್ಟರು. ಗಾಬರಿಯಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ನಮಗೆ ಗೊತ್ತಿರೋದನ್ನು ಹೇಳುತ್ತೇವೆ, ಗೊತ್ತಿಲ್ಲ ಅನ್ನೋದನ್ನು ಹೇಳೋದಿಲ್ಲ.

ಹಡಗಿನಿಂದ ಇಳಿಸಿದ ಒಂದು ದೋಣಿಯನ್ನು ಅಲೆಗಳು ಎರಿಸ್ಕೆಯ ಬಂಡೆಗಳ ಮೇಲೆ ಎಸೆದವು. ಅದರಲ್ಲಿದ್ದವರಿಗೆ ನೆರವಾಗಿ ಬಂದವರು ದ್ವೀಪದ ಮೀನುಗಾರರು. ಕೊನೆಗೆ ಲೈಫ್‌ಬೋಟ್ ಕೂಡ ಸರಿಯಾದ ಜಾಗಕ್ಕೆ ಬಂತು. ನಾವಿಕರನ್ನು ದ್ವೀಪದವರು ತಮ್ಮ ಮನೆಗಳಲ್ಲಿ ಇರಿಸಿಕೊಂಡು ಊಟ, ಬೆಚ್ಚನೆಯ ಜಾಗ ಕೊಟ್ಟರು. ಅಲ್ಲೇ, ಬೆಂಕಿ ಮುಂದೆ ಕೂತು ಮಾತಾಡುವಾಗ, ಹಡಗಿನಲ್ಲಿ ಏನಿದೆ ಅನ್ನೋದು ಹೊರಬಿತ್ತು. ಹೊರಬೀಳದೆ ಇರುತ್ತದೆಯೇ?

ಅಡ್ಡಗೋಡೆ ಮೇಲಿನ ದೀಪ

ಈಗ ಅಸಲು ಸಮಸ್ಯೆ. ಹಡಗು ಮುಳುಗಿಲ್ಲ, ಒರಗಿ ನಿಂತಿದೆ. ಒಳಗೆ ಬೆಲೆಬಾಳುವ ಸರಕಿದೆ. ವಿಮೆಯವರ ಪರವಾಗಿ ಲಿವರ್‌ಪೂಲ್ ಮತ್ತು ಗ್ಲಾಸ್ಗೋದ ರಕ್ಷಣಾ ಸಂಸ್ಥೆಯ ತಂಡ ಬಂತು. ನೀರು ಹೊಗದ ಹೋಲ್ಡ್‌ಗಳಿಂದ ಸಾಕಷ್ಟು ಸರಕು ಎತ್ತಿದರು. ಐದನೇ ಹೋಲ್ಡ್ ಹತ್ತಿರ ಬಂದಾಗ ಮುಖ್ಯಸ್ಥ ತಲೆಯಾಡಿಸಿದ. ನೀರು, ಎಣ್ಣೆ, ಚಳಿಗಾಲದ ಕಡಲು. ಇದರ ಹಿಂದೆ ಬಿದ್ದು ದಿನ ಕಳೆಯೋದು ಲಾಭದ ಕೆಲಸವಲ್ಲ ಅಂತ ತೀರ್ಮಾನ ಮಾಡಿ, ಮಾರ್ಚ್ ತಿಂಗಳ ನಡುವಿಗೆ ಕೆಲಸ ನಿಲ್ಲಿಸಿ ತಂಡ ಹೊರಟು ಹೋಯಿತು.

ಆ ತೀರ್ಮಾನವನ್ನು ಬೈಯೋದು ಸುಲಭ. ಅವನ ಜಾಗದಲ್ಲಿ ನಿಂತು ನೋಡಿ. ಯುದ್ಧದಲ್ಲಿ ದಿನಾ ಹಡಗುಗಳು ಒಡೆಯುತ್ತಿದ್ದವು. ಪಂಪು, ದೋಣಿ, ಜನ ಎಲ್ಲವೂ ಕಡಿಮೆ. ಸೈನ್ಯಕ್ಕೆ ಬೇಕಾದ ಸಾಮಾನು ಬೇರೆಲ್ಲೋ ಕಾಯುತ್ತಿರುವಾಗ ಮದ್ಯಕ್ಕಾಗಿ ಜನರನ್ನು ಕಟ್ಟಿಹಾಕಬೇಕಾ? ನನ್ನ ಪ್ರಕಾರ ಬಿಟ್ಟು ಹೋಗಿದ್ದು ತಪ್ಪಲ್ಲ. ಬಿಟ್ಟ ರೀತಿ ತಪ್ಪು.

ಬಿಟ್ಟು ಹೋದ ಮೇಲೆ ಆ ಸರಕು ಯಾರದು? ಇದಕ್ಕೆ ಅವತ್ತು ಯಾರೂ ಉತ್ತರ ಹೇಳಲಿಲ್ಲ. ಕಾನೂನಿನಲ್ಲಿ ಅದು ಇನ್ನೂ ಮಾಲೀಕರದು, ಅಥವಾ ವಿಮೆಯವರದು. ಕಣ್ಣಿಗೆ ಕಾಣುವಂತೆ ಅದು ಯಾರದೂ ಅಲ್ಲ. ತೆಗೆದುಕೊಂಡು ಹೋಗಲಿಲ್ಲ, ಗಟ್ಟಿ ಕಾವಲು ಇಡಲಿಲ್ಲ, ನಾಶ ಮಾಡಲಿಲ್ಲ, ಹಂಚಲೂ ಇಲ್ಲ. ನಮ್ಮಲ್ಲಿ ಹೇಳುತ್ತಾರಲ್ಲ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಆ ಕಡೆಯವರಿಗೂ ಬೆಳಕು, ಈ ಕಡೆಯವರಿಗೂ ಬೆಳಕು. ಅಧಿಕಾರಿಗಳು ಅದನ್ನು ಸರ್ಕಾರದ ಸ್ವತ್ತು ಅಂತ ಓದಿಕೊಂಡರು, ದ್ವೀಪದವರು ಕೈಬಿಟ್ಟ ಮಾಲು ಅಂತ ಓದಿಕೊಂಡರು. ಮುಂದಿನ ಎಲ್ಲ ಸಂಕಟವೂ ಈ ಎರಡು ಓದಿನಿಂದಲೇ ಬಂದದ್ದು.

ದ್ವೀಪದವರ ಲೆಕ್ಕ

ದ್ವೀಪದವರ ತರ್ಕ ಸರಳವಾಗಿತ್ತು. ಸರ್ಕಾರದ ಕಡೆಯವರು ಬಂದು ನೋಡಿದರು, ಬೇಡ ಅಂದು ಹೋದರು. ಸುಮ್ನೆ ಬಿಟ್ಟರೆ ಮುಂದಿನ ಗಾಳಿಗೆ ಎಲ್ಲ ಸಮುದ್ರದ ಪಾಲು. ಹಾಗಿದ್ದ ಮೇಲೆ ತೆಗೆಯೋದು ಉಳಿಸಿದ ಹಾಗಲ್ವಾ? ಅವರ ಬಾಯಲ್ಲಿ ಅದಕ್ಕೆ ಉಳಿಸೋದು ಅನ್ನೋ ಮಾತೇ ಇತ್ತು, ಕದಿಯೋದು ಅಂತ ಇರಲಿಲ್ಲ.

ಕೆಲಸ ರಾತ್ರಿ ಹೊತ್ತು. ದೋಣಿಗಳನ್ನು ಹಡಗಿನ ಪಕ್ಕಕ್ಕೆ ಕಟ್ಟಿ, ಸೀಮೆಎಣ್ಣೆ ದೀಪ ಹಿಡಿದು, ಹಗ್ಗದಲ್ಲಿ ಐದನೇ ಹೋಲ್ಡ್‌ಗೆ ಇಳಿಯುತ್ತಿದ್ದರು. ಪೆಟ್ಟಿಗೆಗಳು ಎಣ್ಣೆ ನೀರಿನ ಅಡಿಯಲ್ಲಿ. ಉದ್ದ ಕೋಲಿಗೆ ಕೊಕ್ಕೆ ಕಟ್ಟಿ ತಡಕಾಡಿ ಎಳೆಯಬೇಕು. ಚಳಿ, ಜಾರಿಕೆ, ಒರಗಿದ ಹಡಗು. ಕೈತಪ್ಪಿದರೆ ಆ ಕಪ್ಪು ನೀರಿಗೇ ಬೀಳಬೇಕು. ಎಣ್ಣೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ. ಇರುವುದು ಒಂದೆರಡು ಜೊತೆ ಬಟ್ಟೆ. ಅದಕ್ಕೆ ಗಂಡಸರು ಹೆಂಡತಿಯರ ಹಳೆ ಲಂಗ, ಗೌನು ಹಾಕಿಕೊಂಡು ಇಳಿಯುತ್ತಿದ್ದರಂತೆ. ಗಡ್ಡ ಮೀಸೆಯ ಮೀನುಗಾರರು ಹೂವಿನ ಗೌನಿನಲ್ಲಿ ವಿಸ್ಕಿ ಪೆಟ್ಟಿಗೆ ಎತ್ತುವ ದೃಶ್ಯ ನೆನೆದರೆ ನಗು ಬರುತ್ತದೆ. ಅವರಿಗೆ ಅದು ಬಟ್ಟೆ ಉಳಿಸುವ ಉಪಾಯ ಅಷ್ಟೇ.

ಸುದ್ದಿ ಹಬ್ಬಿತು. ಬ್ಯಾರಾದವರು ಬಂದರು, ಸೌತ್ ಯೂಯಿಸ್ಟ್‌ನವರು ಬಂದರು, ಇನ್ನೂ ದೂರದ ದ್ವೀಪಗಳಿಂದಲೂ ದೋಣಿಗಳು ಬಂದವು. ತಂದ ಬಾಟಲಿಗಳನ್ನು ಪೀಟ್ ರಾಶಿಯೊಳಗೆ, ಮೊಲದ ಬಿಲದಲ್ಲಿ, ಕೊಟ್ಟಿಗೆಯಲ್ಲಿ, ಮರಳಿನಲ್ಲಿ, ಹುಲ್ಲು ಮಾಡಿನ ಸಂದಿಯಲ್ಲಿ ಅಡಗಿಸಿದರು. ಎಷ್ಟೋ ಜನ ಎಲ್ಲಿ ಹೂತೆವು ಅನ್ನೋದನ್ನೇ ಮರೆತರು. ಒಟ್ಟು ಸುಮಾರು 24,000 ಬಾಟಲಿ ಹೀಗೆ ದಡ ಸೇರಿತು ಅಂತ ಲೆಕ್ಕ. ಹೋಲ್ಡ್‌ನಲ್ಲಿದ್ದದ್ದರ ಹನ್ನೊಂದರಲ್ಲಿ ಒಂದು ಪಾಲು, ಅಷ್ಟೇ. ಇಡೀ ಹಡಗನ್ನು ಬರಿದು ಮಾಡಿದರು ಅನ್ನೋದು ಕತೆ ಕಟ್ಟುವವರ ಮಾತು.

ಸುಂಕದ ಅಧಿಕಾರಿ

ಪಕ್ಕದ ಸೌತ್ ಯೂಯಿಸ್ಟ್‌ನ ಲಾಕ್‌ಬಾಯ್ಸ್‌ಡೇಲ್‌ನಲ್ಲಿ ಸುಂಕದ ಕಚೇರಿ. ಅಲ್ಲಿಯ ಅಧಿಕಾರಿಗೆ ಇದು ಸಹಿಸಲಾಗದ ಸಂಗತಿ. ಸುಂಕ ಕಟ್ಟದ ಮದ್ಯ ಸಾವಿರ ಸಾವಿರ ಬಾಟಲಿ ಲೆಕ್ಕದಲ್ಲಿ ಕಣ್ಣ ಮುಂದೆಯೇ ಹಂಚಿಹೋಗುತ್ತಿದೆ. ಈ ಕತೆ ಹೇಳುವವರೆಲ್ಲ ಅವನನ್ನು ಖಳನಾಯಕ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನು ಲಂಚ ಕೇಳಲಿಲ್ಲ, ಒಂದು ಬಾಟಲಿ ಪಕ್ಕಕ್ಕಿಟ್ಟುಕೊಂಡು ಕಣ್ಣು ಮುಚ್ಚಲಿಲ್ಲ. ಕಾನೂನು ಅವನ ಕಡೆಗೇ ಇತ್ತು. ಅವನ ತೊಂದರೆ ಬೇರೆ. ಬೇರೆಯವರು ಹಾಕದೆ ಬಿಟ್ಟ ಬೇಲಿಯನ್ನು ಅವನೊಬ್ಬನೇ ಹಾಕಲು ಹೊರಟ, ಅದೂ ಹೊಲ ಮೇಯ್ದಾದ ಮೇಲೆ.

ಅವನ ವಾದದಲ್ಲಿ ಒಂದು ಸಣ್ಣ ತಮಾಷೆಯೂ ಇದೆ. ಸರ್ಕಾರಕ್ಕೆ ಸುಂಕ ನಷ್ಟ ಆಯಿತು ಅಂತ ಅವನ ದೂರು. ಆದರೆ ಈ ವಿಸ್ಕಿ ರಫ್ತಿಗೆ ಹೊರಟದ್ದು. ಕ್ಷೇಮವಾಗಿ ಅಮೆರಿಕ ತಲುಪಿದ್ದರೆ ಬ್ರಿಟನ್ನಿನ ಖಜಾನೆಗೆ ಒಂದು ಪೆನ್ನಿ ಸುಂಕವೂ ಬರುತ್ತಿರಲಿಲ್ಲ. ಮುಳುಗಿದ್ದರೂ ಬರುತ್ತಿರಲಿಲ್ಲ. ದೇಶದೊಳಗೆ ಯಾರೋ ಕುಡಿದ ಕ್ಷಣಕ್ಕೆ ಮಾತ್ರ ಆ ಬಾಕಿ ಹುಟ್ಟುತ್ತದೆ. ಕಾನೂನಿನ ಪ್ರಕಾರ ಅವನು ಸರಿ. ಮೀನುಗಾರನಿಗೆ ಇದನ್ನು ಅರ್ಥ ಮಾಡಿಸೋದು ಮಾತ್ರ ಕಷ್ಟ.

ಅವನು ಪೊಲೀಸರನ್ನು ಎಬ್ಬಿಸಿದ. ಮನೆಗಳ ಶೋಧ ನಡೆಯಿತು. ಬಾಟಲಿ ಸಿಗದಿದ್ದರೂ ಬಟ್ಟೆ ಮೇಲಿನ ಎಣ್ಣೆ ಕಲೆ, ದೋಣಿಯ ತಳದ ಎಣ್ಣೆ ಕಲೆ ಸಿಕ್ಕಿತು. ಏಪ್ರಿಲ್ 26ರಂದು ಮೊದಲ ಗುಂಪು ನಾರ್ತ್ ಯೂಯಿಸ್ಟ್‌ನ ಲಾಕ್‌ಮ್ಯಾಡಿಯ ಕೋರ್ಟಿಗೆ ಹೋಯಿತು. ತಪ್ಪೊಪ್ಪಿಕೊಂಡವರಿಗೆ ಮೂರರಿಂದ ಐದು ಪೌಂಡ್ ದಂಡ. ಅಧಿಕಾರಿಗೆ ಇದು ಸಾಲಲಿಲ್ಲ. ಇಷ್ಟು ದಂಡ ಕಟ್ಟಿ ಇನ್ನೊಂದು ದೋಣಿ ತುಂಬಿಕೊಂಡು ಬರಬಹುದು ಅನ್ನೋ ಅವನ ಆತಂಕ ಪೂರ್ತಿ ಸುಳ್ಳೇನಲ್ಲ. ಅವನು ಬಿಡದೆ ಬೆನ್ನು ಹತ್ತಿದ. ಮುಂದಿನ ಮೊಕದ್ದಮೆಗಳಲ್ಲಿ ಕೆಲವರಿಗೆ ವಾರಗಟ್ಟಲೆ ಜೈಲಾಯಿತು. ಅವರನ್ನು ಕಡಲು ದಾಟಿಸಿ ಇನ್ವರ್ನೆಸ್‌ನ ಸೆರೆಮನೆಗೆ ಕಳಿಸಿದರು.

ಇದು ಎರಡನೇ ದೊಡ್ಡ ತಿರುವು. ಫೆಬ್ರವರಿಯಲ್ಲಿ ನಾವಿಕರನ್ನು ನೀರಿನಿಂದ ಎತ್ತಿ ಮನೆಯಲ್ಲಿ ಇಟ್ಟುಕೊಂಡ ಊರು. ಬೇಸಿಗೆ ಬರುವಷ್ಟರಲ್ಲಿ ಅದೇ ಸಾಲಿನ ಊರುಗಳ ಗಂಡಸರು ಕಳ್ಳರ ಪಟ್ಟಿಯಲ್ಲಿ. ಅವರ ಅಣ್ಣತಮ್ಮಂದಿರು ಅದೇ ಹೊತ್ತಿಗೆ ಅಟ್ಲಾಂಟಿಕ್‌ನಲ್ಲಿ ಇಂಥದೇ ಹಡಗುಗಳಲ್ಲಿ ದುಡಿಯುತ್ತಿದ್ದರು. ಇದು ಆ ಮನೆಗಳಲ್ಲಿ ಎಂಥ ಕಹಿ ಬಿಟ್ಟಿರಬಹುದು ಅನ್ನೋದಕ್ಕೆ ದಾಖಲೆ ಬೇಕಾಗಿಲ್ಲ.

ಎರಡನೇ ತಂಡ, ಆಮೇಲೆ ಸಿಡಿಮದ್ದು

ಈ ಪ್ರಕರಣವನ್ನು ನಾನು ಮತ್ತೆ ಮತ್ತೆ ಓದುವುದಕ್ಕೆ ಕಾರಣ ಇಲ್ಲಿದೆ. 1941ರ ಬೇಸಿಗೆಯಲ್ಲಿ ಬೇರೊಂದು ಕಂಪನಿಯ ರಕ್ಷಣಾ ತಂಡ ಬಂತು. ಯಾವ ವಿಸ್ಕಿ ಎತ್ತಲು ಲಾಯಕ್ಕಿಲ್ಲ ಅಂತ ಮಾರ್ಚ್‌ನಲ್ಲಿ ಬಿಟ್ಟಿದ್ದರೋ, ಅದೇ ವಿಸ್ಕಿಯನ್ನು ಇವರು ಎತ್ತಿದರು. ಒಂದಲ್ಲ ಎರಡಲ್ಲ, ಸುಮಾರು 13,500 ಪೆಟ್ಟಿಗೆ. ಎಣ್ಣೆ ಬಾಟಲಿಯ ಹೊರಗಿತ್ತು, ಒಳಗೆ ಹೋಗಿರಲಿಲ್ಲ. ಮುಚ್ಚಳ ಬಿಗಿಯಾಗಿದ್ದ ಬಾಟಲಿಗೆ ಉಪ್ಪು ನೀರು ಏನು ಮಾಡುತ್ತದೆ? ಇದು ದ್ವೀಪದವರಿಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು. ಒಂದು ಬಾಟಲಿ ತೆಗೆದು ರುಚಿ ನೋಡಿದ್ದರೆ ಸಾಕಿತ್ತು!

ಅಂದರೆ ಮೊದಲ ತೀರ್ಮಾನಕ್ಕೆ ಆಧಾರವಾದ ಮಾತೇ ಅರ್ಧ ತಪ್ಪಾಗಿತ್ತು. ಐದನೇ ಹೋಲ್ಡ್ ಕಷ್ಟದ್ದು ಅನ್ನೋದು ನಿಜ. ಅದರೊಳಗಿರೋದು ಕೆಟ್ಟಿದೆ ಅನ್ನೋದು ಊಹೆ. ತೆಗೆಯೋದು ಕಷ್ಟ ಅನ್ನುವುದಕ್ಕೂ ತೆಗೆದರೆ ಪ್ರಯೋಜನವಿಲ್ಲ ಅನ್ನುವುದಕ್ಕೂ ವ್ಯತ್ಯಾಸವಿದೆ. ಕೆಲಸ ಕಷ್ಟವಾದಾಗ ನಮ್ಮ ಮನಸ್ಸು ಮೊದಲನೆಯದನ್ನು ಮೆಲ್ಲಗೆ ಎರಡನೆಯದಾಗಿ ಬದಲಿಸಿಕೊಳ್ಳುತ್ತದೆ. ಹಾಗೆ ಬದಲಿಸಿಕೊಂಡ ಒಂದು ವಾಕ್ಯ ಎರಡು ಮೂರು ತಿಂಗಳ ಮಟ್ಟಿಗೆ ಹಡಗನ್ನು ದಿಕ್ಕಿಲ್ಲದ ಮನೆಯಾಗಿ ಮಾಡಿತು, ಆ ಅವಧಿಯಲ್ಲಿ ಒಳಗೆ ಕಾಲಿಟ್ಟವರನ್ನು ಕಟಕಟೆಗೆ ತಂದಿತು.

ಎರಡನೇ ತಂಡ ಸೆಪ್ಟೆಂಬರ್‌ನಲ್ಲಿ ಹಡಗನ್ನು ತೇಲಿಸುವುದಕ್ಕೂ ಗೆದ್ದಿತು. ಆದರೆ ಅದು ಹೋಗಿ ಇನ್ನೊಂದು ಬಂಡೆಯ ಮೇಲೆ ಕೂತು ಮುರಿಯಿತು. ಕೊನೆಗೆ ಎರಡು ತುಂಡು ಮಾಡಿ ಮುಂಭಾಗವನ್ನು ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು. ಹಿಂಭಾಗ ಸಂದಿನಲ್ಲೇ ಉಳಿಯಿತು, ಅದರ ಜೊತೆ ಉಳಿದ ಪೆಟ್ಟಿಗೆಗಳೂ. ಅಧಿಕೃತ ಅಂಕಿಗಳನ್ನು ಕೂಡಿಸಿ ಕಳೆದರೆ ಕೆಲವು ಸಾವಿರ ಪೆಟ್ಟಿಗೆ ಬಾಕಿ. ಅದರಲ್ಲಿ ಒಡೆದದ್ದೆಷ್ಟು, ಮರಳಿಗೆ ಸೇರಿದ್ದೆಷ್ಟು, ಯಾರದೋ ಅಟ್ಟ ಸೇರಿದ್ದೆಷ್ಟು ಅನ್ನೋದು ಬೇರೆ ಮಾತು.

ಸುಂಕದ ಅಧಿಕಾರಿ ಮೇಲಿನವರಿಂದ ಒಪ್ಪಿಗೆ ಪಡೆದ. 1942ರ ಆಗಸ್ಟ್‌ನಲ್ಲಿ ಆ ಹಿಂಭಾಗವನ್ನು ಜೆಲಿಗ್ನೈಟ್ ಇಟ್ಟು ಸ್ಫೋಟಿಸಿದರು. ಜನರ ಕೈಗೆ ಸಿಗಬಾರದು, ಅಷ್ಟೇ ಉದ್ದೇಶ. ಊರಿನವರು ದಡದಲ್ಲಿ ನಿಂತು ನೋಡಿದರು. ವಿಸ್ಕಿಗೆ ಮದ್ದಿಡುವಷ್ಟು ಹುಚ್ಚರು ಲೋಕದಲ್ಲಿ ಇದ್ದಾರಾ ಅಂತ ಅವರು ಬೆರಗಾದರು ಅನ್ನೋ ಮಾತು ಇವತ್ತಿಗೂ ಅಲ್ಲಿ ಉಳಿದಿದೆ. ನನಗೆ ಇದರಲ್ಲಿ ಕಾಣುವುದು ಇನ್ನೊಂದು. ಹದಿನೆಂಟು ತಿಂಗಳ ಹಿಂದೆ ಮಾಡಬಹುದಾಗಿದ್ದ ಮೂರು ನಾಲ್ಕು ಕೆಲಸಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿದರು.

ನೋಟುಗಳ ಮಾತು

ವಿಸ್ಕಿಯ ಗಲಾಟೆಯಲ್ಲಿ ಎಲ್ಲರೂ ಮರೆತದ್ದು ಆ ಎಂಟು ಪೆಟ್ಟಿಗೆ. ಅದರಲ್ಲಿದ್ದದ್ದು ಜಮೈಕಾದ ಹತ್ತು ಶಿಲಿಂಗ್ ನೋಟುಗಳು, ಒಟ್ಟು 2,90,000. ಅಂದರೆ 1,45,000 ಪೌಂಡ್. ಊರಲ್ಲಿ ಹುಡುಗರು ಆ ನೋಟು ಹಿಡಿದು ಆಡುತ್ತಿದ್ದಾರೆ ಅನ್ನೋ ಸುದ್ದಿ ಬಂದಾಗ ಅಧಿಕಾರಿಗಳು ಬೆಚ್ಚಿದರು. ಮುಂದೆ ಸಿಕ್ಕ ಲೆಕ್ಕ ಹೀಗಿದೆ. ರಕ್ಷಣಾ ಕಂಪನಿ ವಾಪಸ್ ತಂದು ನಾಶ ಮಾಡಿದ್ದು 2,11,267. ಬ್ರಿಟನ್, ಐರ್ಲೆಂಡ್, ಮಾಲ್ಟಾ, ಕೆನಡಾ, ಸ್ವಿಟ್ಜರ್ಲೆಂಡ್, ಅಮೆರಿಕ, ಜಮೈಕಾ ಹೀಗೆ ಬೇರೆ ಬೇರೆ ಕಡೆಯ ಬ್ಯಾಂಕುಗಳಿಗೆ ಬಂದದ್ದು 2,329. ಇನ್ನು 76,404 ನೋಟುಗಳ ಸುಳಿವೇ ಇಲ್ಲ.

ನೋಡಿ, ಕಾವಲು ಬೇಕಾಗಿದ್ದದ್ದು ನಿಜವಾಗಿ ಯಾವುದಕ್ಕೆ? ಕುಡಿದರೆ ಮುಗಿದು ಹೋಗುವ ಬಾಟಲಿಗಾ, ಇಲ್ಲ ದೇಶ ದೇಶ ಸುತ್ತಿ ಚಲಾವಣೆ ಆಗುವ ನೋಟಿಗಾ? ಸದ್ದು ಮಾಡುವ ಸರಕಿನ ಹಿಂದೆ ಎಲ್ಲರ ಕಣ್ಣು ಹೋಯಿತು, ಸದ್ದಿಲ್ಲದ್ದು ಜಾರಿಕೊಂಡಿತು. ಪ್ರಕರಣಗಳನ್ನು ಓದುವವರು ಈ ಭಾಗವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೆ ಇದು ವಿಸ್ಕಿಗಿಂತ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ಬೇರೆ ದಾರಿ ಇತ್ತೇ?

ಇತ್ತು. ಅದೂ ಹೊಸದಾಗಿ ಕಂಡುಹಿಡಿಯಬೇಕಾದದ್ದಲ್ಲ. ಬ್ರಿಟನ್ನಿನ 1894ರ ಹಡಗು ಕಾನೂನಿನಲ್ಲೇ ರಿಸೀವರ್ ಆಫ್ ರೆಕ್ ಅನ್ನೋ ಹುದ್ದೆ ಇತ್ತು. ಒಡೆದ ಹಡಗಿನ ಸರಕು ಸಿಕ್ಕವನು ಅವರಿಗೆ ತಿಳಿಸಿ ಒಪ್ಪಿಸಬೇಕು, ಉಳಿಸಿಕೊಟ್ಟದ್ದಕ್ಕೆ ಪ್ರತಿಫಲ ಪಡೆಯಬಹುದು. ಈಗ ಯೋಚಿಸಿ. ಮೊದಲ ತಂಡದ ಹತ್ತಿರ ಜನ ಇರಲಿಲ್ಲ. ದ್ವೀಪದಲ್ಲಿ ಜನ ಇದ್ದರು, ದೋಣಿ ಇತ್ತು, ಆ ಸಂದಿನ ಒಂದೊಂದು ಬಂಡೆಯ ಪರಿಚಯ ಇತ್ತು, ಕತ್ತಲಲ್ಲಿ ಎಣ್ಣೆಗೆ ಇಳಿಯುವ ಧೈರ್ಯ ಇತ್ತು. ತಂದ ಪ್ರತಿ ಪೆಟ್ಟಿಗೆಗೆ ಇಷ್ಟು ಕೂಲಿ ಅಂತ ಒಂದು ಮಾತು ಹೇಳಿದ್ದರೆ? ಎಲ್ಲ ಪೆಟ್ಟಿಗೆಯೂ ಬರುತ್ತಿತ್ತು ಅಂತ ನಾನು ಹೇಳುವುದಿಲ್ಲ, ನಾವೂ ಮನುಷ್ಯರನ್ನು ಕಂಡವರೇ. ಆದರೆ ಬಹಳಷ್ಟು ಬರುತ್ತಿತ್ತು, ಜೈಲು ತುಂಬುತ್ತಿರಲಿಲ್ಲ.

ಇದು ಎಂಬತ್ತು ವರ್ಷದ ಹಿಂದಿನ ಮಾತು, ಈಗೇನು ಅನ್ನಬೇಡಿ. 2007ರ ಜನವರಿಯಲ್ಲಿ ಎಂಎಸ್‌ಸಿ ನಾಪೊಲಿ ಹಡಗಿನ ಕಂಟೇನರ್‌ಗಳು ಇಂಗ್ಲೆಂಡಿನ ಬ್ರಾನ್ಸ್‌ಕಂಬ್ ಕಡಲತೀರಕ್ಕೆ ಬಂದು ಬಿದ್ದವು. ಜನ ಬಿಎಂಡಬ್ಲ್ಯು ಬೈಕುಗಳನ್ನೇ ತಳ್ಳಿಕೊಂಡು ಹೋದರು. ಮೊದಲು ಸಿಕ್ಕದ್ದನ್ನು ತಿಳಿಸುವ ಫಾರ್ಮ್ ತುಂಬಿ ಅಂದರು, ಆಮೇಲೆ ತೀರವನ್ನೇ ಮುಚ್ಚಿದರು. ಅದೇ ಅಡ್ಡಗೋಡೆ, ಅದೇ ದೀಪ. 2025ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕೇರಳದ ಹತ್ತಿರ ಎಂಎಸ್‌ಸಿ ಎಲ್ಸಾ 3 ಮುಳುಗಿ ಕಂಟೇನರ್‌ಗಳು ದಡಕ್ಕೆ ಬಂದಾಗ, ಮುಟ್ಟಬೇಡಿ, ದೂರ ಇರಿ ಅಂತ ಮೊದಲೇ ಸಾರಿದರು. ಅದಕ್ಕೆ ಮುಖ್ಯ ಕಾರಣ ಒಳಗಿದ್ದ ಅಪಾಯಕಾರಿ ರಾಸಾಯನಿಕದ ಭಯ. ಆದರೂ ಯಾರು ಏನು ಮಾಡಬೇಕು ಅನ್ನೋದು ಕಡಲಂಚಿನ ಮನೆಯವರಿಗೆ ಮೊದಲ ದಿನವೇ ಗೊತ್ತಿತ್ತು. ಎರಿಸ್ಕೆಯಲ್ಲಿ ಆಗದೆ ಉಳಿದದ್ದು ಇದು.

ಆ ಸಂದಿನ ಮರಳಿನಲ್ಲಿ ಹಡಗಿನ ಅವಶೇಷ ಇನ್ನೂ ಇದೆ. 1987ರಲ್ಲಿ ಅಲ್ಲಿ ಸಿಕ್ಕ ಎಂಟು ಬಾಟಲಿ ಹರಾಜಿನಲ್ಲಿ 4,000 ಪೌಂಡಿಗೆ ಹೋದವು. ಉಳಿದದ್ದನ್ನೂ ತೆಗೆಯುತ್ತೇವೆ ಅಂತ ಆಮೇಲೆ ಒಂದು ಕಂಪನಿಯೇ ಹುಟ್ಟಿತು. ಷೇರು ಮಾರಿ, ಮುಳುಗುಗಾರರನ್ನು ಇಳಿಸಿ, ಕೊನೆಗೆ ಅವರಿಗೆ ದಕ್ಕಿದ್ದು 24 ಬಾಟಲಿ. ಹೂವಿನ ಗೌನಿನವರು ಅಷ್ಟನ್ನು ಒಂದು ಗಳಿಗೆಯಲ್ಲಿ ಎತ್ತುತ್ತಿದ್ದರೋ ಏನೋ. 2001ರಲ್ಲಿ ಎರಿಸ್ಕೆಗೂ ಸೌತ್ ಯೂಯಿಸ್ಟ್‌ಗೂ ನಡುವೆ ಕಲ್ಲಿನ ದಾರಿ ಹಾಕಿದರು, ಈಗ ಕಾರಿನಲ್ಲೇ ಹೋಗಬಹುದು. ದ್ವೀಪದಲ್ಲಿ ಒಂದು ಪಬ್ ಇದೆ, 1988ರಲ್ಲಿ ತೆರೆದದ್ದು. ಅದಕ್ಕೆ ಆ ಹಡಗಿನದೇ ಹೆಸರು. ಅಲ್ಲಿ ಗ್ಲಾಸಿಗೆ ಸುರಿಯುವ ವಿಸ್ಕಿಗೆ ಸುಂಕ ಕಟ್ಟಿರುತ್ತಾರೆ.